ಔಷಧಿಗೆ ಮೊದಲು ಲದ್ದಿ: ಕುದುರೆಯ ಹೊಟ್ಟೆಹುಳುವಿನ ಲೆಕ್ಕ

ಪರಿಚಯದವರೊಬ್ಬರು ದೊಡ್ಡಬಳ್ಳಾಪುರದ ಕಡೆ ತೋಟ ಮಾಡಿದ್ದಾರೆ. ಮಗಳ ಆಸೆಗೆ ಅಂತ ಒಂದು ಹೆಣ್ಣು ಕುದುರೆ ತಂದರು. ಒಂದೇ ಇದ್ದರೆ ಅದಕ್ಕೆ ಬೇಜಾರು ಅಂತ ಇನ್ನೊಂದು ಬಂತು, ಅದು ವಯಸ್ಸಾದ ಗಂಡು. ಆಮೇಲೆ ಎರಡು ವರ್ಷದ ಮರಿಯೊಂದು ಸೇರಿಕೊಂಡಿತು. ಮಳೆಗಾಲ ಶುರುವಾಗಿ ಎರಡು ತಿಂಗಳಾದ ಮೇಲೆ ಮರಿ ಯಾಕೋ ಸೊರಗತೊಡಗಿತು. ಮೈಕೂದಲು ಹೊಳಪು ಕಳೆದುಕೊಂಡಿತು. ಜಂತುಹುಳು ಇರಬೇಕು ಅಂತ ಇವರು ಡಾಕ್ಟರಿಗೆ ಫೋನ್ ಮಾಡಿದರು. ಮೂರಕ್ಕೂ ಔಷಧಿ ಕೊಡಬೇಕಾ ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಔಷಧಿ ಆಮೇಲೆ ನೋಡೋಣ ಸಾರ್. ಮೊದಲು ಮೂರರದ್ದೂ ಲದ್ದಿ ತಗೊಂಡು ಬನ್ನಿ, ಬೇರೆ ಬೇರೆ ಕವರ್‌ನಲ್ಲಿ."

ಇವರಿಗೆ ಸ್ವಲ್ಪ ಗಲಿಬಿಲಿ. ಫೆಬ್ರವರಿ 10 ಬಂದರೆ ಶಾಲೆಯಲ್ಲಿ ಮಕ್ಕಳಿಗೆಲ್ಲ ಸಾಲಾಗಿ ಅಲ್ಬೆಂಡಜೋಲ್ ಮಾತ್ರೆ ಚೀಪಿಸುತ್ತಾರೆ. ಯಾರ ಮಲವನ್ನೂ ಪರೀಕ್ಷೆ ಮಾಡೋದಿಲ್ಲ. ಕುದುರೆಗೆ ಮಾತ್ರ ಯಾಕೆ ಈ ರಗಳೆ?

ಕೇಳಬೇಕಾದ ಪ್ರಶ್ನೆಯೇ. ಕುದುರೆ ಸಾಕೋದು ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನ ಟಾಂಗಾದವರು, ಕುಣಿಗಲ್ಲಿನ ಸ್ಟಡ್ ಫಾರ್ಮ್, ರೇಸ್ ಕೋರ್ಸಿನ ಲಾಯಗಳು, ದಸರಾದಲ್ಲಿ ಕಾಣುವ ಅಶ್ವಾರೋಹಿ ಪೊಲೀಸರು, ಇವರೆಲ್ಲರ ಬಳಿ ಅನುಭವಸ್ಥರು ಇರುತ್ತಾರೆ. ಈಗ ಬೆಂಗಳೂರಿನ ಸುತ್ತ ತೋಟದ ಮನೆಗಳಲ್ಲೂ ಸವಾರಿ ಕಲಿಸುವ ಜಾಗಗಳಲ್ಲೂ ಕುದುರೆಗಳು ಬಂದಿವೆ. ಅಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬಂದ ತಿಳಿವಳಿಕೆ ಇಲ್ಲ. ಆ ಜಾಗವನ್ನು ಮೊಬೈಲಿಗೆ ಬರುವ ಸಲಹೆಗಳು ತುಂಬಿಕೊಂಡಿವೆ. ಅದರಲ್ಲಿ ಬಹಳಷ್ಟು ಐವತ್ತು ವರ್ಷಕ್ಕೂ ಹಳೆಯದು. ಎಲ್ಲ ಕುದುರೆಗೂ ಎರಡು ತಿಂಗಳಿಗೊಮ್ಮೆ ಜಂತು ಔಷಧಿ ಹಾಕಿ ಅನ್ನೋದೂ ಅಂಥದ್ದೇ.

ಹುಳು ಇರೋದೇ ರೋಗವಲ್ಲ

ಮೊದಲು ತಿಳಿಯಬೇಕಾದ್ದು ಇದು. ಹುಲ್ಲು ಮೇಯುವ ಕುದುರೆ ಅಂದಮೇಲೆ ಹೊಟ್ಟೆಯಲ್ಲಿ ಹುಳು ಇದ್ದೇ ಇರುತ್ತದೆ. ಸ್ವಲ್ಪ ಇದ್ದರೆ ಏನೂ ಆಗುವುದಿಲ್ಲ. ಬೆಳೆದ, ಗಟ್ಟಿಮುಟ್ಟಾದ ಕುದುರೆಯ ದೇಹವೇ ಅದನ್ನು ಒಂದು ಮಿತಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದೂ ಉಳಿಯದ ಹಾಗೆ ಹುಳು ತೆಗೆಯುತ್ತೇನೆ ಅಂತ ಹೊರಟರೆ ಅದು ಆಗದ ಕೆಲಸ. ಆ ಹಟವೇ ಈಗಿನ ತೊಂದರೆಗೆ ಮೂಲ ಕೂಡ.

ಜಾಸ್ತಿಯಾದಾಗ ಕಷ್ಟ. ತೂಕ ಇಳಿಯುತ್ತದೆ, ಮರಿಗಳಿಗೆ ಹೊಟ್ಟೆ ಮಾತ್ರ ಉಬ್ಬಿ ಪಕ್ಕೆ ಎಲುಬು ಕಾಣುತ್ತದೆ, ಭೇದಿ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಹೆದರಬೇಕಾದ್ದು ಹೊಟ್ಟೆನೋವಿಗೆ. ಕುದುರೆ ವಾಂತಿ ಮಾಡಲಾರದು. ಕರುಳಿನಲ್ಲಿ ಏನಾದರೂ ಕಟ್ಟಿಕೊಂಡರೆ ಮೇಲಿಂದ ಹೊರಬರುವ ದಾರಿಯೇ ಇಲ್ಲ. ಕಾಲಿನಿಂದ ನೆಲ ಕೆರೆಯುವುದು, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುವುದು, ಬಿದ್ದು ಹೊರಳಾಡುವುದು ಕಂಡರೆ ಬೆಳಗಾಗಲಿ ಅಂತ ಕಾಯುವಂತಿಲ್ಲ.

ತಿಂದುಂಡು ಚೆನ್ನಾಗಿರುವ ಕುದುರೆಯಲ್ಲೂ ಹುಳು ಜಾಸ್ತಿ ಇರಬಹುದು. ಬಡಕಲು ಕುದುರೆಯಲ್ಲಿ ಹುಳು ಕಮ್ಮಿ ಇದ್ದು, ಹಲ್ಲಿನ ತೊಂದರೆಯಿಂದ ಅದು ಸೊರಗಿರಬಹುದು. ನೋಡಿ ಹೇಳುವುದು ಕಷ್ಟ. ಡಾಕ್ಟರು ಲದ್ದಿ ಕೇಳುವುದು ಅದಕ್ಕೇ.

ಯಾವ್ಯಾವ ಹುಳು?

ಪಟ್ಟಿ ಉದ್ದವಿದೆ. ಎಲ್ಲ ಬೇಡ, ಲೆಕ್ಕಕ್ಕೆ ಬರುವವನ್ನು ಮಾತ್ರ ನೋಡೋಣ.

ಇವತ್ತು ಬೆಳೆದ ಕುದುರೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ ಅಂದರೆ ಸಣ್ಣ ಸ್ಟ್ರಾಂಗೈಲ್. ಇದು ಒಂದು ಹುಳು ಅಲ್ಲ, 50ಕ್ಕೂ ಹೆಚ್ಚು ಜಾತಿಗಳ ದೊಡ್ಡ ಬಳಗ. ನೂಲಿನ ಹಾಗೆ ತೆಳ್ಳಗಿರುತ್ತದೆ, ದೊಡ್ಡ ಕರುಳಿನಲ್ಲಿ ಇರುತ್ತದೆ. ಇದರ ಮರಿ ಕರುಳಿನ ಗೋಡೆಯೊಳಗೆ ನುಗ್ಗಿ, ಸುತ್ತ ಒಂದು ಗೂಡು ಮಾಡಿಕೊಂಡು ಮಲಗಿಬಿಡುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷಕ್ಕೂ ಮೀರಿ. ಹೆಚ್ಚಿನ ಔಷಧಿಗಳು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಯಾವತ್ತೋ ಒಂದು ದಿನ ಇವು ಲಕ್ಷಗಟ್ಟಲೆ ಒಟ್ಟಿಗೇ ಗೋಡೆ ಒಡೆದು ಹೊರಬಂದರೆ ಕರುಳು ಊದಿಕೊಂಡು ವಿಪರೀತ ಭೇದಿ ಶುರುವಾಗುತ್ತದೆ. ಆ ಹಂತಕ್ಕೆ ಹೋದ ಕುದುರೆಗಳಲ್ಲಿ ಅರ್ಧದಷ್ಟು ಸಾಯಬಹುದು. ಅದೃಷ್ಟಕ್ಕೆ, ಆ ಹಂತಕ್ಕೆ ಹೋಗುವುದು ಅಪರೂಪ.

ದೊಡ್ಡ ಸ್ಟ್ರಾಂಗೈಲ್ ಇದರ ದಾಯಾದಿ. ಇದರಲ್ಲಿ ಕುಖ್ಯಾತವಾದದ್ದು 'ಸ್ಟ್ರಾಂಗೈಲಸ್ ವಲ್ಗಾರಿಸ್'. ಇದರ ಮರಿ ಕರುಳಿಗೆ ರಕ್ತ ಕೊಂಡೊಯ್ಯುವ ದೊಡ್ಡ ನಾಳದೊಳಗೆ ಹರಿದಾಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಮುಂದೆ ಹೋಗಿ ಸಿಕ್ಕಿಕೊಂಡರೆ ಕರುಳಿನ ಒಂದು ಭಾಗಕ್ಕೆ ರಕ್ತವೇ ಹೋಗುವುದಿಲ್ಲ, ಆ ಭಾಗ ಸಾಯುತ್ತದೆ. ಹೊಲಕ್ಕೆ ನೀರು ಹೋಗುವ ಕಾಲುವೆಗೆ ಕಸ ಅಡ್ಡ ಬಂದ ಹಾಗೆ.

ಮರಿಗಳಿಗೆ ಕಾಡುವುದು ಪ್ಯಾರಾಸ್ಕಾರಿಸ್ ಎನ್ನುವ ದುಂಡುಹುಳು. ಬಿಳಿ ಬಣ್ಣ, ಶ್ಯಾವಿಗೆಗಿಂತ ಎಷ್ಟೋ ದಪ್ಪ, 30 ಸೆಂಟಿಮೀಟರಿಗೂ ಉದ್ದ ಬೆಳೆಯುತ್ತದೆ. ಇದರ ಮೊಟ್ಟೆಗೆ ಅಂಟು ಮತ್ತು ದಪ್ಪ ಸಿಪ್ಪೆ ಇರುವುದರಿಂದ ಲಾಯದ ಗೋಡೆಯಲ್ಲೂ ಮಣ್ಣಿನಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ.

ಲಾಡಿಹುಳು ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಅಂಟಿಕೊಳ್ಳುತ್ತದೆ. ಇದನ್ನು ಹರಡುವುದು ಹುಲ್ಲಿನ ಬುಡದಲ್ಲಿರುವ ಪುಟ್ಟ ನುಸಿ. ಹುಲ್ಲಿನ ಜೊತೆ ನುಸಿ, ನುಸಿಯ ಜೊತೆ ಲಾಡಿಹುಳು. ಕುದುರೆ ಕಂಬಕ್ಕೆ ಬಾಲದ ಬುಡ ಉಜ್ಜಿ ಉಜ್ಜಿ ಕೂದಲು ಕಿತ್ತುಕೊಂಡಿದ್ದರೆ ಪಿನ್ ಹುಳುವನ್ನು ಅನುಮಾನಿಸಬಹುದು. ಮುಂಗಾಲಿನ ಕೂದಲಿಗೆ ಸಾಸಿವೆಗಿಂತ ಚಿಕ್ಕ ಹಳದಿ ಚುಕ್ಕೆಗಳು ಅಂಟಿದ್ದರೆ ಅದು ಬಾಟ್ ನೊಣದ ಮೊಟ್ಟೆ. ಕುದುರೆ ಕಾಲು ನೆಕ್ಕಿದಾಗ ಅದು ಬಾಯಿಗೆ ಹೋಗಿ, ಅದರ ಹುಳು ಜಠರದಲ್ಲಿ ತಿಂಗಳುಗಟ್ಟಲೆ ನೇತಾಡಿಕೊಂಡಿರುತ್ತದೆ.

ಮಳೆಗೂ ಹುಳುವಿಗೂ ಇರುವ ನಂಟು

ಸ್ಟ್ರಾಂಗೈಲ್ ಹುಳು ಕುದುರೆಯ ಹೊಟ್ಟೆಯಲ್ಲೇ ಮರಿ ಮಾಡಿ ತುಂಬಿಕೊಳ್ಳುವುದಿಲ್ಲ. ಮೊಟ್ಟೆ ಲದ್ದಿಯ ಜೊತೆ ಹೊರಗೆ ಬರಲೇಬೇಕು. ಲದ್ದಿಯಲ್ಲೇ ಒಡೆದು ಮರಿ ಹೊರಬರುತ್ತದೆ, ಎರಡು ಸಲ ಪೊರೆ ಬದಲಿಸಿ ಮೂರನೇ ಹಂತಕ್ಕೆ ಬರುತ್ತದೆ. ಈ ಮೂರನೇ ಹಂತದ್ದು ಮಾತ್ರ ಕುದುರೆಗೆ ಅಂಟಬಲ್ಲದು. ಮಳೆನೀರು, ಇಬ್ಬನಿ ಹಿಡಿದು ಅದು ಹುಲ್ಲಿನ ಎಸಳು ಹತ್ತುತ್ತದೆ. ಕುದುರೆ ಹುಲ್ಲು ಮೇಯುತ್ತದೆ. ಸುತ್ತು ಮುಗಿಯಿತು.

ಈ ಬೆಳವಣಿಗೆಗೆ 25ರಿಂದ 33 ಡಿಗ್ರಿ ಸೆಲ್ಸಿಯಸ್ ಬಹಳ ಹಿತ. ಒದ್ದೆ ಇದ್ದರೆ ನಾಲ್ಕೈದು ದಿನದಲ್ಲೇ ಹುಳು ತಯಾರು. ತಂಪಿದ್ದರೆ ಎರಡು ಮೂರು ವಾರ ಬೇಕು. 40 ಡಿಗ್ರಿ ದಾಟಿದ ಒಣ ಬಿಸಿಲಿಗೆ ಬೇಗ ಸಾಯುತ್ತದೆ. ಮೂರನೇ ಹಂತದ ಮರಿಯ ಮೈಮೇಲೆ ಹಳೆಯ ಪೊರೆ ಹಾಗೇ ಉಳಿದಿರುತ್ತದೆ. ಅದು ರೇನ್‌ಕೋಟ್ ಇದ್ದಹಾಗೆ, ಕಾಪಾಡುತ್ತದೆ. ಆದರೆ ಬಾಯಿಯೂ ಮುಚ್ಚಿರುವುದರಿಂದ ಏನೂ ತಿನ್ನಲಾಗದು. ಕಟ್ಟಿಕೊಂಡ ಬುತ್ತಿ ಮುಗಿಯುವವರೆಗೆ ಮಾತ್ರ ಬದುಕು. ಬಿಸಿ ಹೆಚ್ಚಿದಷ್ಟೂ ಓಡಾಟ ಜಾಸ್ತಿ, ಬುತ್ತಿ ಬೇಗ ಖಾಲಿ.

ನಮ್ಮ ಮುಂಗಾರಿನ ಹವೆಯನ್ನು ಇದಕ್ಕೆ ಹೋಲಿಸಿ ನೋಡಿ. ಜೂನ್‌ನಿಂದ ಹಿಂಗಾರು ಮುಗಿಯುವವರೆಗೆ ಹುಳುವಿಗೆ ಸುಗ್ಗಿ. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ಬಯಲುಸೀಮೆಯ ಹುಲ್ಲುಗಾವಲು ತಾನೇ ಸ್ವಲ್ಪ ಸ್ವಚ್ಛವಾಗುತ್ತದೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಹಿಮದ ಲೆಕ್ಕದಲ್ಲಿ ಬರೆದ ವೇಳಾಪಟ್ಟಿಯನ್ನು ಇಲ್ಲಿಗೆ ತಂದರೆ ತಿಂಗಳುಗಳು ಹೊಂದುವುದಿಲ್ಲ. ಇನ್ನು ಟಾಂಗಾ ಕುದುರೆಯ ಹಾಗೆ ಹಗಲೆಲ್ಲ ರಸ್ತೆಯಲ್ಲಿದ್ದು, ಒಣ ಹುಲ್ಲು, ಹುರುಳಿ ತಿನ್ನುವ ಕುದುರೆಗೆ ಮೇವಿನಿಂದ ಸ್ಟ್ರಾಂಗೈಲ್ ಅಂಟುವ ಸಾಧ್ಯತೆ ಕಮ್ಮಿ.

ಎರಡು ತಿಂಗಳಿಗೊಮ್ಮೆ ಅನ್ನೋ ಮಾತು ಎಲ್ಲಿಂದ ಬಂತು?

1960ರ ದಶಕದ ಶುರುವಿನಲ್ಲಿ ಥಯಾಬೆಂಡಜೋಲ್ ಎಂಬ ಔಷಧಿ ಬಂತು. ಅದಕ್ಕೂ ಹಿಂದಿನ ಔಷಧಿಗಳು ಹುಳುವಿಗೂ ವಿಷ, ಕುದುರೆಗೂ ವಿಷ ಎಂಬಂತಿದ್ದವು. ಇದು ಹಾಗಿರಲಿಲ್ಲ. 1966ರಲ್ಲಿ ಅಮೆರಿಕದ ಕೆಂಟಕಿಯ ಸಂಶೋಧಕರು, ಎಲ್ಲ ಕುದುರೆಗೂ ಎರಡು ತಿಂಗಳಿಗೊಮ್ಮೆ ಔಷಧಿ ಕೊಡಿ ಎಂದು ಸಲಹೆ ಮಾಡಿದರು. ಅವರ ಗುರಿ ರಕ್ತನಾಳದೊಳಗೆ ಹೊಕ್ಕುವ ಆ ವಲ್ಗಾರಿಸ್. ಅದರ ಮೊಟ್ಟೆ ಲದ್ದಿಯಲ್ಲಿ ಕಾಣಿಸಲು ಆರೇಳು ತಿಂಗಳು ಬೇಕು. ಹಾಗಾಗಿ ಬಿಡದೆ ಹೊಡೆದರೆ ಸರಪಳಿ ತುಂಡಾಗುತ್ತದೆ. ಉಪಾಯ ಫಲಿಸಿತು. ಚೆನ್ನಾಗಿ ಸಾಕಿದ ಲಾಯಗಳಲ್ಲಿ ವಲ್ಗಾರಿಸ್ ಅಪರೂಪವಾಯಿತು.

1980ರ ದಶಕದಲ್ಲಿ ಐವರ್‌ಮೆಕ್ಟಿನ್ ಬಂತು. ಕೊರೊನಾ ಸಮಯದಲ್ಲಿ ಮನೆಮನೆಗೂ ಗೊತ್ತಾದ ಹೆಸರು ಅಲ್ವಾ, ಅದೇ. ಜಪಾನಿನ ಒಂದು ಗಾಲ್ಫ್ ಮೈದಾನದ ಬಳಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದದ್ದು. ಅದಕ್ಕೆ ಕಾರಣರಾದ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಇಷ್ಟು ಸುಲಭದ, ಇಷ್ಟು ಬಲವಾದ ಔಷಧಿ ಕೈಗೆ ಸಿಕ್ಕ ಮೇಲೆ ಯಾರು ಲದ್ದಿ ನೋಡುತ್ತಾರೆ? ಕ್ಯಾಲೆಂಡರ್ ನೋಡಿ ಕೊಡುವುದೇ ರೂಢಿಯಾಯಿತು.

ಶತ್ರು ಬದಲಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ವಲ್ಗಾರಿಸ್ ಹೋದ ಜಾಗದಲ್ಲಿ ಸಣ್ಣ ಸ್ಟ್ರಾಂಗೈಲ್ ಉಳಿದಿತ್ತು, ಅದೂ ಔಷಧಿಗೆ ಬಗ್ಗದೆ.

ಔಷಧಿ ಯಾಕೆ ಸೋಲುತ್ತದೆ?

"ಕುದುರೆಗೆ ಔಷಧಿ ಒಗ್ಗಿಹೋಗಿದೆ" ಅನ್ನುವವರಿದ್ದಾರೆ. ಒಗ್ಗಿರುವುದು ಕುದುರೆಗಲ್ಲ, ಹುಳುವಿಗೆ. ಲಕ್ಷ ಹುಳುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಆ ಔಷಧಿಯನ್ನು ತಡೆಯುವ ಗುಣ ಇರುತ್ತದೆ. ಔಷಧಿ ಕೊಟ್ಟಾಗ ಉಳಿದವು ಸಾಯುತ್ತವೆ, ಇವು ಉಳಿಯುತ್ತವೆ. ಮುಂದಿನ ಮೊಟ್ಟೆಗಳೆಲ್ಲ ಇವುಗಳದ್ದೇ. ಮತ್ತೆ ಕೊಟ್ಟರೆ ಮತ್ತೆ ಇದೇ ಕಥೆ. ಇವತ್ತು ಫೆನ್‌ಬೆಂಡಜೋಲ್ ಗುಂಪಿನ ಔಷಧಿಗೆ ಸಣ್ಣ ಸ್ಟ್ರಾಂಗೈಲ್ ಜಗತ್ತಿನ ಬಹಳ ಕಡೆ ಬಗ್ಗುತ್ತಿಲ್ಲ. ಪೈರಾಂಟೆಲ್‌ದೂ ಅನೇಕ ಕಡೆ ಅದೇ ಪಾಡು. ಮರಿಗಳ ದುಂಡುಹುಳು ಐವರ್‌ಮೆಕ್ಟಿನ್‌ಗೆ ಸಾಯುತ್ತಿಲ್ಲ ಎಂದು ನೆದರ್ಲೆಂಡ್ಸ್‌ನಿಂದ 2002ರಲ್ಲಿ ವರದಿ ಬಂತು, ಆಮೇಲೆ ಬೇರೆ ದೇಶಗಳಿಂದಲೂ ಬಂತು. ಮಾಕ್ಸಿಡೆಕ್ಟಿನ್ ಎಂಬ ಇನ್ನೊಂದು ಔಷಧಿ ಕೂಡ ಐವರ್‌ಮೆಕ್ಟಿನ್‌ನ ಮನೆತನದ್ದೇ. ಸ್ಟ್ರಾಂಗೈಲ್ ಕೊಲ್ಲಲು ಕುದುರೆಗೆ ಇರುವುದು ಈ ಮೂರು ಮನೆತನ ಮಾತ್ರ.

ಹಾಗಾದರೆ ಪ್ರತಿ ಸಲ ಔಷಧಿ ಬದಲಿಸಿದರೆ ಆಯಿತಲ್ಲ? ಇದೂ ಬಹಳ ಕಾಲ ಹೇಳಿದ ಸಲಹೆಯೇ. ಆದರೆ ಬದಲಿಸುವುದರಿಂದ ಯಾವ ಔಷಧಿ ಸೋತಿದೆ ಅನ್ನೋದೇ ಮುಚ್ಚಿಹೋಗುತ್ತದೆ. ಕೆಲಸ ಮಾಡದ್ದನ್ನು ಇವತ್ತು ಕೊಟ್ಟು, ಎರಡು ತಿಂಗಳ ಮೇಲೆ ಕೆಲಸ ಮಾಡುವುದನ್ನು ಕೊಟ್ಟರೆ, ಎಲ್ಲ ಸರಿಯಿದೆ ಅಂತ ಅನ್ನಿಸುತ್ತಿರುತ್ತದೆ.

ಪರಿಹಾರ ಸ್ವಲ್ಪ ವಿಚಿತ್ರ: ಒಂದಷ್ಟು ಹುಳುಗಳಿಗೆ ಔಷಧಿಯೇ ತಾಗದಂತೆ ಬಿಡುವುದು. ಸಾರಿಗೆ ಉಪ್ಪು ಜಾಸ್ತಿಯಾದರೆ ಏನು ಮಾಡುತ್ತೇವೆ? ನೀರು ಬೆರೆಸುತ್ತೇವೆ. ಔಷಧಿಗೆ ಬಗ್ಗದ ಹುಳು ಉಪ್ಪು. ಔಷಧಿ ಕೊಡದ ಕುದುರೆಗಳ ಹೊಟ್ಟೆಯಲ್ಲೂ ಹುಲ್ಲಿನಲ್ಲೂ ಇರುವ ಸಾಮಾನ್ಯ ಹುಳುಗಳು ನೀರು. ಇವು ಬೆರೆತಷ್ಟೂ ಗಟ್ಟಿ ಹುಳುಗಳ ಪಾಲು ತಿಳಿಯಾಗುತ್ತದೆ. ಎಲ್ಲ ಕುದುರೆಗೂ ಒಂದೇ ದಿನ ಔಷಧಿ ಹಾಕಿ, ಅದರಲ್ಲೂ ಕಡು ಬೇಸಿಗೆಯಲ್ಲಿ ಹುಲ್ಲಿನಲ್ಲಿ ಹುಳುವೇ ಇಲ್ಲದಾಗ ಹಾಕಿದರೆ, ನೀರೆಲ್ಲ ಚೆಲ್ಲಿ ಉಪ್ಪನ್ನೇ ಉಳಿಸಿಕೊಂಡ ಹಾಗೆ.

ಲದ್ದಿ ಏನು ಹೇಳುತ್ತದೆ?

ಯಾವ ಕುದುರೆಗೆ ಕೊಡಬೇಕು, ಯಾವುದಕ್ಕೆ ಬಿಡಬೇಕು ಅಂತ ತಿಳಿಯುವುದು ಲದ್ದಿಯಲ್ಲಿನ ಮೊಟ್ಟೆ ಎಣಿಸಿ. ಕೆಲಸ ನೋಡಲು ಅಡುಗೆಮನೆಯ ಕೆಲಸದ ಹಾಗೇ ಇದೆ. 4 ಗ್ರಾಂ ಲದ್ದಿ ತೂಗಿ, 26 ಮಿಲಿಲೀಟರ್ ಗಟ್ಟಿ ಉಪ್ಪುನೀರಿನಲ್ಲಿ ಕಲಸಿ, ಟೀ ಸೋಸುವ ಜಾಲರಿಯಂಥದ್ದರಲ್ಲಿ ಸೋಸುತ್ತಾರೆ. ಗೆರೆ ಎಳೆದ ಎರಡು ಪುಟ್ಟ ಕೋಣೆಗಳಿರುವ ಗಾಜಿನ ಪಟ್ಟಿಗೆ ಈ ನೀರು ತುಂಬುತ್ತಾರೆ. ಅದಕ್ಕೆ ಮ್ಯಾಕ್‌ಮಾಸ್ಟರ್ ಸ್ಲೈಡ್ ಅಂತ ಹೆಸರು. ಐದು ನಿಮಿಷ ಸುಮ್ನೆ ಬಿಟ್ಟರೆ ಕಸ ತಳಕ್ಕೆ ಹೋಗುತ್ತದೆ, ಉಪ್ಪುನೀರಿಗಿಂತ ಹಗುರಾದ ಮೊಟ್ಟೆಗಳು ಮೇಲೆ ತೇಲುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರುಕಂದು ಚೂರುಗಳ ನಡುವೆ ತೆಳು ಗೆರೆಯ ಮೊಟ್ಟೆ, ಒಳಗೆ ದ್ರಾಕ್ಷಿ ಗೊಂಚಲಿನಂಥ ಉಂಡೆ. ಅದು ಸ್ಟ್ರಾಂಗೈಲ್. ಗೆರೆಗಳೊಳಗೆ ಕಂಡಷ್ಟನ್ನು ಎಣಿಸಿ 25ರಿಂದ ಗುಣಿಸಿದರೆ ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಮೊಟ್ಟೆ ಅಂತ ಸಿಗುತ್ತದೆ.

ಬೆಳೆದ ಕುದುರೆಯಲ್ಲಿ ಈ ಸಂಖ್ಯೆ 200ರವರೆಗೆ ಇದ್ದರೆ ಕಮ್ಮಿ, 200ರಿಂದ 500 ಮಧ್ಯಮ, 500 ದಾಟಿದರೆ ಜಾಸ್ತಿ ಅಂತ ಹಿಡಿಯುತ್ತಾರೆ. ಎಣಿಸುತ್ತಾ ಹೋದಾಗ ಗೊತ್ತಾದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಹಿಂಡಿನಲ್ಲಿ ನೂರಕ್ಕೆ 15ರಿಂದ 30 ಕುದುರೆಗಳು ಮಾತ್ರ ಒಟ್ಟು ಮೊಟ್ಟೆಗಳ ನೂರಕ್ಕೆ 80 ಪಾಲನ್ನು ಚೆಲ್ಲುತ್ತವೆ. ಉಳಿದವು ಹೆಚ್ಚುಕಮ್ಮಿ ಅಮಾಯಕ! ಕಮ್ಮಿ ಚೆಲ್ಲುವ ಕುದುರೆ ವರ್ಷ ಕಳೆದರೂ ಸಾಮಾನ್ಯವಾಗಿ ಹಾಗೇ ಇರುತ್ತದೆ. ಶಾಲೆ ಮಕ್ಕಳ ವಿಷಯಕ್ಕೂ ಇಲ್ಲಿಗೂ ಇರುವ ವ್ಯತ್ಯಾಸ ಇಲ್ಲಿದೆ. ಕೋಟಿಗಟ್ಟಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸುವುದಕ್ಕಿಂತ ಎಲ್ಲರಿಗೂ ಮಾತ್ರೆ ಕೊಡುವುದು ಅಗ್ಗ. ಮೂರು ಕುದುರೆಯ ಲದ್ದಿ ನೋಡುವುದು ಅರ್ಧ ದಿನದ ಕೆಲಸ.

ಇದೇ ಎಣಿಕೆಯಿಂದ ಔಷಧಿಯನ್ನೂ ಪರೀಕ್ಷೆ ಮಾಡಬಹುದು. ಕೊಡುವ ದಿನ ಒಮ್ಮೆ ಎಣಿಸಿ, 14 ದಿನದ ಮೇಲೆ ಇನ್ನೊಮ್ಮೆ. ಮೊದಲು ಸರಾಸರಿ 1,000 ಇದ್ದದ್ದು ಆಮೇಲೆ 300 ಆದರೆ, ಇಳಿದದ್ದು ನೂರಕ್ಕೆ 70 ಮಾತ್ರ. ಫೆನ್‌ಬೆಂಡಜೋಲ್ ಆದರೆ 90ಕ್ಕಿಂತ, ಐವರ್‌ಮೆಕ್ಟಿನ್ ಆದರೆ 95ಕ್ಕಿಂತ ಕಮ್ಮಿ ಇಳಿದರೆ ಆ ಲಾಯದಲ್ಲಿ ಔಷಧಿ ಸೋಲುತ್ತಿದೆ ಅಂತ ಅನುಮಾನಿಸಬೇಕು. ಒಂದೇ ಕುದುರೆಯನ್ನು ನೋಡಿ ತೀರ್ಪು ಕೊಡಬಾರದು. ಐದಾರು ಇದ್ದರೆ ಒಳ್ಳೆಯದು.

ಲದ್ದಿ ಹೇಳದ ವಿಷಯಗಳೂ ಇವೆ. ಗೋಡೆಯೊಳಗೆ ಮಲಗಿದ ಮರಿ ಮೊಟ್ಟೆ ಇಡುವುದಿಲ್ಲ. ರಕ್ತನಾಳದಲ್ಲಿ ಇರುವುದೂ ಇಡುವುದಿಲ್ಲ. ಲಾಡಿಹುಳುವಿನ ಮೊಟ್ಟೆ ಹಲವು ಸಲ ಸಿಗುವುದೇ ಇಲ್ಲ. ಡೆನ್ಮಾರ್ಕ್‌ನಲ್ಲಿ 1999ರಿಂದ ಡಾಕ್ಟರ ಚೀಟಿ ಇಲ್ಲದೆ ಜಂತು ಔಷಧಿ ಕೊಡುವಂತಿಲ್ಲ. ಎಣಿಕೆ ನೋಡಿ ಮಾತ್ರ ಔಷಧಿ ಕೊಡುತ್ತಿದ್ದ ಅಲ್ಲಿನ ಲಾಯಗಳಲ್ಲಿ ವಲ್ಗಾರಿಸ್ ಹೆಚ್ಚಾಗಿ ಕಂಡದ್ದು ಆಮೇಲಿನ ಅಧ್ಯಯನದಲ್ಲಿ ಗೊತ್ತಾಯಿತು. ಆದ್ದರಿಂದ ಎಣಿಕೆ ಎಷ್ಟೇ ಕಮ್ಮಿ ಇರಲಿ, ಬೆಳೆದ ಕುದುರೆಗೆ ವರ್ಷಕ್ಕೆ ಒಂದೆರಡು ಸಲ ಔಷಧಿ ಕೊಡುವುದು ಈಗಿನ ಪದ್ಧತಿ. ಅದರಲ್ಲೊಂದನ್ನು ಹುಳುವಿನ ಕಾಲ ಮುಗಿಯುವಾಗ, ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಸೇರಿಸಿ ಕೊಡುತ್ತಾರೆ. ಉಳಿದದ್ದು ಮಾತ್ರ ಎಣಿಕೆ ನೋಡಿ.

ಕಣ್ಣಂದಾಜು ಬೇಡ

ಔಷಧಿ ಪೇಸ್ಟ್ ರೂಪದಲ್ಲಿ, ಸಿರಿಂಜಿನಲ್ಲಿ ಬರುತ್ತದೆ. ಸಿರಿಂಜಿನ ಕಡ್ಡಿಯ ಮೇಲೆ ಕುದುರೆಯ ತೂಕದ ಗುರುತು ಇರುತ್ತದೆ. ತೂಕ ಯಾರಿಗೆ ಗೊತ್ತು? ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂದಿನ ಎಲುಬಿನಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 132 ಇದ್ದರೆ ತೂಕ ಸುಮಾರು 250 ಕಿಲೋ. ಇದನ್ನು 200 ಕಿಲೋ ಅಂತ ಅಂದಾಜು ಮಾಡಿದರೆ ಐದನೇ ಒಂದು ಪಾಲು ಔಷಧಿ ಕಮ್ಮಿ ಬಿತ್ತು. ಔಷಧಿ ತಡೆಯುವ ಹುಳು ಸಾಯದೆ ಉಳಿಯಲು ಅಷ್ಟು ಸಾಕು.

ಕೊಡುವ ಮೊದಲು ಬಾಯಲ್ಲಿ ಮೇವು ಇಲ್ಲ ಅಂತ ನೋಡಬೇಕು. ಇದ್ದರೆ ಹುಲ್ಲಿನ ಉಂಡೆಗೆ ಅಂಟಿಸಿಕೊಂಡು ಉಗಿದುಬಿಡುತ್ತದೆ. ಬಾಯಿಯ ಪಕ್ಕದ ಹಲ್ಲಿಲ್ಲದ ಸಂದಿನಿಂದ ಸಿರಿಂಜ್ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಬಿಟ್ಟು, ನುಂಗುವವರೆಗೆ ತಲೆ ಎತ್ತಿ ಹಿಡಿಯುವುದು. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಉಳಿದಿದೆ ಅಂತ ಕುದುರೆಗೆ ಚುಚ್ಚಬಾರದು. ಚುಚ್ಚಿದ ಜಾಗ ಕೆಟ್ಟದಾಗಿ ಊದಿಕೊಂಡ ಪ್ರಕರಣಗಳು ಇವೆ.

ಮರಿಗಳ ಲೆಕ್ಕ ಬೇರೆ

ಮರಿಗೆ ಇನ್ನೂ ತಡೆಯುವ ಶಕ್ತಿ ಬಂದಿರುವುದಿಲ್ಲ. ಹಾಗಾಗಿ ಮೊದಲ ವರ್ಷ ನಾಲ್ಕು ಸಲ ಔಷಧಿ ರೂಢಿಯಲ್ಲಿದೆ: ಎರಡು ಮೂರು ತಿಂಗಳ ವಯಸ್ಸಿನಲ್ಲಿ ಒಮ್ಮೆ, ಹಾಲು ಬಿಡಿಸುವ ಹೊತ್ತಿಗೆ ಒಮ್ಮೆ, ಆಮೇಲೆ ಸುಮಾರು ಒಂಬತ್ತು ಮತ್ತು ಹನ್ನೆರಡನೇ ತಿಂಗಳಿಗೆ. ಮೊದಲೆರಡರ ಗುರಿ ದುಂಡುಹುಳು. ಹೊಟ್ಟೆ ತುಂಬ ದುಂಡುಹುಳು ಇರುವ ಮರಿಗೆ ಹುಳುವನ್ನು ಥಟ್ಟನೆ ಮರಗಟ್ಟಿಸುವ ಔಷಧಿ ಹಾಕಿದರೆ, ಸತ್ತ ಹುಳುಗಳೇ ಗಂಟಾಗಿ ಕರುಳು ಕಟ್ಟಿಕೊಳ್ಳಬಹುದು. ಮಾಕ್ಸಿಡೆಕ್ಟಿನ್ ಅಂತೂ ಎಳೆ ಮರಿಗೆ ಅಪಾಯ. ಇಲ್ಲಿ ಡಾಕ್ಟರ್ ಇಲ್ಲದೆ ಕೈಹಾಕಬೇಡಿ.

ಬುಟ್ಟಿ ಮತ್ತು ಸಲಿಕೆ

ಕುದುರೆ ತನ್ನ ಲದ್ದಿಯ ಪಕ್ಕದ ಹುಲ್ಲು ಮುಟ್ಟುವುದಿಲ್ಲ. ಜಾಗ ಇದ್ದರೆ ಲದ್ದಿ ಹಾಕುವ ಮೂಲೆಯೇ ಬೇರೆ, ಮೇಯುವ ಮೂಲೆಯೇ ಬೇರೆ. ಅದೇ ಅದರ ಜಂತು ಔಷಧಿ. ಅರ್ಧ ಎಕರೆಗೆ ಬೇಲಿ ಹಾಕಿ ಮೂರು ಕುದುರೆ ಬಿಟ್ಟರೆ ಪಾಪ, ಅದಕ್ಕೆ ಆಯ್ಕೆಯೇ ಇಲ್ಲ. ಆಗ ಆ ಕೆಲಸ ನಾವು ಮಾಡಬೇಕು: ವಾರಕ್ಕೆ ಎರಡು ಸಲ ಲದ್ದಿ ಎತ್ತುವುದು. ಮಳೆಗಾಲದಲ್ಲಿ ಇನ್ನೂ ಬೇಗ ಎತ್ತಿದರೆ ಒಳ್ಳೆಯದು. ಎತ್ತಿದ್ದನ್ನು ತಿಪ್ಪೆಯಲ್ಲಿ ರಾಶಿ ಹಾಕಿ ಚೆನ್ನಾಗಿ ಕೊಳೆಯಲು ಬಿಟ್ಟರೆ ಒಳಗಿನ ಬಿಸಿಗೆ ಮೊಟ್ಟೆ, ಮರಿ ಸಾಯುತ್ತವೆ. ಹಸಿ ಲದ್ದಿಯನ್ನೇ ಗೊಬ್ಬರ ಅಂತ ಮೇವಿನ ಹುಲ್ಲಿಗೆ ಹರಡಿದರೆ ಹುಳುವನ್ನೇ ಬಿತ್ತಿದಂತೆ. ಕುದುರೆ ಮೇಯ್ದ ಜಾಗಕ್ಕೆ ಆಮೇಲೆ ದನ ಬಿಡುವುದೂ ಒಳ್ಳೆಯದೇ. ಕುದುರೆಯ ಸ್ಟ್ರಾಂಗೈಲ್ ದನದ ಹೊಟ್ಟೆಯಲ್ಲಿ ಬದುಕುವುದಿಲ್ಲ, ಅಲ್ಲೇ ಅದರ ಕಥೆ ಮುಗಿಯುತ್ತದೆ.

ಹೊಸ ಕುದುರೆ ಬಂದಾಗ ನೇರವಾಗಿ ಉಳಿದವುಗಳ ಜೊತೆ ಬಿಡದೆ, ಮೊದಲು ಅದರ ಲದ್ದಿ ನೋಡಬೇಕು. ಬೇರೆ ಲಾಯದ ಗಟ್ಟಿ ಹುಳು ನಮ್ಮ ಹುಲ್ಲಿಗೆ ಬರುವುದು ಹೀಗೇ.

ದೊಡ್ಡಬಳ್ಳಾಪುರದ ಮೂರು ಕವರ್‌ಗಳ ಲೆಕ್ಕ ಹೀಗೆ ಬಂತು. ಹೆಣ್ಣು ಕುದುರೆಯದ್ದು ಎರಡು ಮೊಟ್ಟೆ, ಅಂದರೆ 50. ವಯಸ್ಸಾದ ಗಂಡಿನದ್ದು ಸೊನ್ನೆ. ಮರಿಯದ್ದು 37 ಮೊಟ್ಟೆ, ಅಂದರೆ 925. ಔಷಧಿ ಮರಿಗೆ ಮಾತ್ರ ಆಯಿತು. ಉಳಿದೆರಡಕ್ಕೆ ವರ್ಷದ ಡೋಸ್ ಹಿಂಗಾರು ಮುಗಿದ ಮೇಲೆ ಅಂದರು ಡಾಕ್ಟರು. 14 ದಿನದ ಮೇಲೆ ಮರಿಯ ಲದ್ದಿ ಮತ್ತೆ ತರಬೇಕು, ಅದೂ ಹೊಸದಾಗಿ ಬಿದ್ದದ್ದು, ಗಾಳಿಯಾಡದಂತೆ ಕಟ್ಟಿ, ತಂಪಾಗಿಟ್ಟು. ಬಿಸಿಲಲ್ಲಿ ಬಿಟ್ಟರೆ ದಾರಿಯಲ್ಲೇ ಮೊಟ್ಟೆ ಒಡೆದು ಎಣಿಕೆ ತಪ್ಪುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಆಯಿತು ಅಂದಿದ್ದಾರೆ. ತೋಟದವರ ಅಮ್ಮ ಮಾತ್ರ, ಹಾಲು ಮೊಸರಿನ ಪಕ್ಕ ಲದ್ದಿ ಇಡೋಕೆ ಸುತರಾಂ ಬಿಡಲ್ಲ ಅಂತ ನಿಂತಿದ್ದಾರೆ. ಕೊನೆಗೆ ಒಂದು ಥರ್ಮಾಕೋಲ್ ಡಬ್ಬ, ಎರಡು ಐಸ್ ಪ್ಯಾಕ್ ಬಂದಿವೆ. ಡಬ್ಬದ ಮೇಲೆ ಮಗಳು ಸ್ಕೆಚ್ ಪೆನ್ನಲ್ಲಿ ಕುದುರೆಯ ಚಿತ್ರ ಬರೆದಿದ್ದಾಳೆ.